ಮಗುವಿನ ವಿಷಯ ಯಾರನ್ನು ಕೇಳಬೇಕು? ಪ್ರಶ್ನೆಗೆ ತಕ್ಕ ಮೂಲ ಆರಿಸುವ ಬಗೆ

ಮಗು ಸಾಕುವವರಿಗೆ ಸಲಹೆಗೇನೂ ಬರವಿಲ್ಲ. ಮನೆಯ ಹಿರಿಯರು, ಮಕ್ಕಳ ಡಾಕ್ಟರು, ನರ್ಸ್, ಪುಸ್ತಕ, ಗೂಗಲ್, ಪೋಷಕರ ವಾಟ್ಸಾಪ್ ಗ್ರೂಪು, ಯೂಟ್ಯೂಬ್, ಈಗ ಚಾಟ್‌ಬಾಟ್ ಕೂಡ. ಎಲ್ಲರೂ ಏನಾದರೊಂದು ಹೇಳುತ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರದು ಹೊಂದುವುದಿಲ್ಲ. ಇವರಲ್ಲಿ ಯಾರನ್ನು ನಂಬುವುದು ಎಂದು ಒಂದೇ ಸಲಕ್ಕೆ ತೀರ್ಮಾನಿಸಿ, ಆಮೇಲೆ ಎಲ್ಲ ಪ್ರಶ್ನೆಗಳನ್ನೂ ಅವರ ಬಳಿಗೇ ಒಯ್ಯುವವರು ಬಹಳ. ತೊಂದರೆ ಶುರುವಾಗುವುದೇ ಅಲ್ಲಿ. ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗಿಸುವುದು ಅಜ್ಜಿಯ ಕೈಗೆ ಬಂದಿರುವಷ್ಟು ಚೆನ್ನಾಗಿ ಯಾವ ಜಾಲತಾಣವೂ ಕಲಿಸಲಾರದು. ಅದೇ ಅಜ್ಜಿಯನ್ನು ಜ್ವರದ ಸಿರಪ್ಪು ಎಷ್ಟು ಮಿ.ಲೀ. ಕೊಡಲಿ ಎಂದು ಕೇಳಬಾರದು. ಯಾರನ್ನು ಕೇಳಬೇಕೆಂಬುದು ಏನು ಕೇಳುತ್ತಿದ್ದೀರಿ ಎನ್ನುವುದರ ಮೇಲೆ ನಿಲ್ಲಬೇಕು.

ಹಾಗಾಗಿ ಮೊದಲು ಪ್ರಶ್ನೆಯನ್ನೇ ಅಳೆಯಿರಿ. ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬಹುದು? ಉತ್ತರ ತಪ್ಪಾಗಿದ್ದರೆ ಆಮೇಲೆ ಸರಿಪಡಿಸಿಕೊಳ್ಳಲು ಸಾಧ್ಯವೇ? ಈ ಮಗುವಿನ ವಯಸ್ಸು, ತೂಕ, ಹಿಂದಿನ ಕಾಯಿಲೆ ತಿಳಿಯದೆ ಉತ್ತರ ಹೇಳಲು ಬರುತ್ತದೆಯೇ? ತಕ್ಷಣ ಬೇಕು, ತಪ್ಪಾದರೆ ಹಾನಿ, ಮಗುವಿನ ತೂಕದ ಮೇಲೆ ಉತ್ತರ ಬದಲಾಗುತ್ತದೆ ಎಂದಾದರೆ ಅದು ಮಗುವನ್ನು ನೋಡಬಲ್ಲ ವೈದ್ಯರಿಗೆ ಸೇರಿದ್ದು. ನಿಧಾನಕ್ಕೆ ನೋಡಬಹುದು, ತಪ್ಪಾದರೆ ನಾಳೆ ಬೇರೆ ಮಾಡಬಹುದು ಎನ್ನುವಂಥದ್ದಾದರೆ ಯಾರನ್ನು ಬೇಕಾದರೂ ಕೇಳಿ, ಎರಡು ಮೂರು ದಾರಿ ಪ್ರಯತ್ನಿಸಿ.

ಮೊಬೈಲ್ ತೆಗೆಯಬಾರದ ಹೊತ್ತು

ಕೆಲವು ಲಕ್ಷಣಗಳಿಗೆ ಹುಡುಕಾಟವೇ ಹೊತ್ತುಗೇಡು. ಮೂರು ತಿಂಗಳಿಗಿಂತ ಚಿಕ್ಕ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ, ಮಗು ಆಡಿಕೊಂಡಿದ್ದರೂ ಆಸ್ಪತ್ರೆಗೆ ಹೋಗಬೇಕು. ಆ ವಯಸ್ಸಿನಲ್ಲಿ ಗಂಭೀರ ಸೋಂಕಿಗೂ ಜ್ವರವೊಂದೇ ಗುರುತಾಗಿರಬಹುದು. ಉಸಿರಾಡುವಾಗ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆಯುವುದು, ತುಟಿ ನೀಲಿಯಾಗುವುದು, ಫಿಟ್ಸ್, ಎಬ್ಬಿಸಿದರೂ ಏಳದಷ್ಟು ಮಂಪರು, ವಾಂತಿ ಭೇದಿಯ ನಡುವೆ ಎಂಟು ಗಂಟೆ ಮೂತ್ರವೇ ಆಗದಿರುವುದು ಇವೂ ಅಷ್ಟೇ. ಗುಂಡಿಯಾಕಾರದ ಬ್ಯಾಟರಿ ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಹೊರಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡ ಬ್ಯಾಟರಿ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ವಾಂತಿ ಮಾಡಿಸಲು ಹೋಗಬೇಡಿ. ಗ್ರೂಪಿನಲ್ಲಿ ಕೇಳಿ ಉತ್ತರಕ್ಕೆ ಕಾದು ಕೂರುವ ಹೊತ್ತು ಇದಲ್ಲ.

ಮಕ್ಕಳ ಡಾಕ್ಟರು

ಮಗುವನ್ನು ಮುಟ್ಟಿ ನೋಡುವುದು, ಕಿವಿಯೊಳಗೆ ಬೆಳಕು ಬಿಡುವುದು, ಎದೆಯ ಸದ್ದು ಕೇಳುವುದು ಬೇರೆ ಯಾವ ಮೂಲದಿಂದಲೂ ಆಗದ ಕೆಲಸ. ಔಷಧಿ, ಲಸಿಕೆ, ಬೆಳವಣಿಗೆ, ಅಲರ್ಜಿ, ಮಾತು ನಡಿಗೆ ತಡವಾಗುವುದು ಎಲ್ಲವನ್ನೂ ಇಲ್ಲಿಯೇ ಕೇಳಬೇಕು. ಕೊರತೆಯೆಂದರೆ ಸಮಯ. ಒಂದು ಭೇಟಿಗೆ ಸಿಗುವ ಕೆಲವೇ ನಿಮಿಷಗಳಲ್ಲಿ ಮಗು ಅಳುತ್ತಿರುತ್ತದೆ, ನೀವು ಕೇಳಬೇಕೆಂದುಕೊಂಡ ಮುಖ್ಯ ಮಾತೇ ಮರೆತಿರುತ್ತದೆ. ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಮೂರಕ್ಕೆ ನಿಲ್ಲಿಸಿ, ಹೆಚ್ಚು ಕಾಡುತ್ತಿರುವುದನ್ನೇ ಮೊದಲು ಕೇಳಿ. ಬಾಗಿಲ ಬಳಿ ಹೋಗಿ ತಿರುಗಿ ನಿಂತು ಕೇಳಿದ ಪ್ರಶ್ನೆಗೆ ಆತುರದ ಉತ್ತರವೇ ಸಿಗುವುದು.

ಮಗು ವಿಚಿತ್ರವಾಗಿ ಕೈಕಾಲು ಅದುರಿಸುತ್ತದೆ, ಕಣ್ಣು ತೇಲಿಸುತ್ತದೆ, ರಾತ್ರಿ ಉಸಿರು ಒಂದು ಥರ ಕೇಳುತ್ತದೆ ಎಂದಾದರೆ ಅದರ ವೀಡಿಯೊ ತೆಗೆದುಕೊಂಡು ಹೋಗಿ. ಕ್ಲಿನಿಕ್ಕಿನಲ್ಲಿ ಮಗು ಅದನ್ನು ಮಾಡಿ ತೋರಿಸುವುದಿಲ್ಲ. ಕೊಡುತ್ತಿರುವ ಪ್ರತಿ ಔಷಧಿಯ ಲೇಬಲ್‌ನ ಫೋಟೊ, ಲಸಿಕೆ ಕಾರ್ಡು, ಹಿಂದಿನ ತೂಕಗಳ ಪಟ್ಟಿ ಜೊತೆಗಿರಲಿ. ಹೊರಡುವ ಮುಂಚೆ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ: ಏನು ಕಂಡರೆ ತಿರುಗಿ ಬರಬೇಕು, ಎಷ್ಟು ದಿನದೊಳಗೆ ವಾಸಿಯಾಗದಿದ್ದರೆ ಬರಬೇಕು? ರಾತ್ರಿ ಎರಡು ಗಂಟೆಗೆ ಗೂಗಲ್ ಮಾಡುವ ಅರ್ಧದಷ್ಟು ಪ್ರಶ್ನೆಗಳಿಗೆ ಇದರಲ್ಲೇ ಉತ್ತರ ಸಿಕ್ಕಿರುತ್ತದೆ.

ಹಠ, ಊಟದ ಜಗಳ, ಒಬ್ಬನೇ ಮಲಗಲು ಒಲ್ಲೆನೆನ್ನುವುದು ಇಂಥವಕ್ಕೆ ವೈದ್ಯರು ಹೇಳುವುದು ಅವರ ಸ್ವಂತ ಅಭಿಪ್ರಾಯವೂ ಆಗಿರಬಹುದು. ಅದನ್ನು ಔಷಧಿ ಚೀಟಿಯಷ್ಟು ಕಟ್ಟುನಿಟ್ಟಾಗಿ ಹಿಡಿಯಬೇಕಿಲ್ಲ. ಎದೆಹಾಲು ಕುಡಿಸುವಾಗ ನೋವಾಗುತ್ತಿದ್ದರೆ, ಮಗು ಸರಿಯಾಗಿ ಮೊಲೆ ಹಿಡಿಯುತ್ತಿಲ್ಲವಾದರೆ, ಸ್ತನ್ಯಪಾನದ ತರಬೇತಿ ಪಡೆದ ನರ್ಸ್ ಪಕ್ಕದಲ್ಲಿ ಕೂತು ಒಂದು ಸಲ ಕುಡಿಸಿ ತೋರಿಸುವುದು ಯಾವ ಚೀಟಿಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಡೋಸಿನ ಪ್ರಶ್ನೆ ಏಕೆ ಬೇರೆ

ಸಲಹೆಯ ಮೂಲ ತಪ್ಪಾದರೆ ಏನಾಗುತ್ತದೆ ಎನ್ನುವುದಕ್ಕೆ ಪ್ಯಾರಸಿಟಮಾಲ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಕ್ಕಳಿಗೆ ಸಾಮಾನ್ಯ ಲೆಕ್ಕ ಒಂದು ಸಲಕ್ಕೆ ಕಿಲೊ ತೂಕಕ್ಕೆ 10ರಿಂದ 15 ಮಿ.ಗ್ರಾಂ., ಎರಡು ಡೋಸುಗಳ ನಡುವೆ ಕನಿಷ್ಠ 4ರಿಂದ 6 ಗಂಟೆ, 24 ಗಂಟೆಯಲ್ಲಿ ನಾಲ್ಕು ಸಲ ಮೀರದಂತೆ. 10 ಕಿಲೊ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ 150 ಮಿ.ಗ್ರಾಂ. ಆಯಿತು. ಈಗ ಬಾಟಲಿ ನೋಡಿ. 5 ಮಿ.ಲೀ.ಯಲ್ಲಿ 125 ಮಿ.ಗ್ರಾಂ. ಇರುವ ಸಿರಪ್ಪಾದರೆ ಅದು 6 ಮಿ.ಲೀ. 5 ಮಿ.ಲೀ.ಯಲ್ಲಿ 250 ಮಿ.ಗ್ರಾಂ. ಇರುವುದಾದರೆ 3 ಮಿ.ಲೀ. ಒಂದು ಮಿ.ಲೀ.ಯಲ್ಲೇ 100 ಮಿ.ಗ್ರಾಂ. ಇರುವ ಹನಿ ಔಷಧಿಯಾದರೆ ಒಂದೂವರೆ ಮಿ.ಲೀ.

ಇನ್ನೊಬ್ಬ ತಾಯಿ ಗ್ರೂಪಿನಲ್ಲಿ ‘ನಮ್ಮ ಪಾಪುವಿಗೆ ಆರು ಮಿ.ಲೀ. ಕೊಟ್ಟೆವು’ ಎಂದು ಪ್ರಾಮಾಣಿಕವಾಗಿಯೇ ಹೇಳಿರುತ್ತಾರೆ. ಅವರ ಬಾಟಲಿಯಲ್ಲಿ ಅದು ಸರಿ. ನಿಮ್ಮ ಮನೆಯಲ್ಲಿರುವುದು ಹನಿ ಔಷಧಿಯಾದರೆ ಅದೇ ಆರು ಮಿ.ಲೀ. ಎಂದರೆ 600 ಮಿ.ಗ್ರಾಂ., ಬೇಕಾದದ್ದರ ನಾಲ್ಕು ಪಟ್ಟು. ಯಾರೂ ಸುಳ್ಳು ಹೇಳಿಲ್ಲ, ಆದರೂ ಮಗುವಿನ ಯಕೃತ್ತಿಗೆ ಅಪಾಯ. ನೆಗಡಿಯ ಮಿಶ್ರ ಔಷಧಿಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ. ಎರಡನ್ನೂ ಕೊಟ್ಟರೆ ಗೊತ್ತಿಲ್ಲದೆಯೇ ಡೋಸು ದುಪ್ಪಟ್ಟಾಗುತ್ತದೆ.

ಆದ್ದರಿಂದ ಡೋಸನ್ನು ವೈದ್ಯರಿಂದಲೋ ಔಷಧಿ ಅಂಗಡಿಯ ಫಾರ್ಮಸಿಸ್ಟ್‌ನಿಂದಲೋ ತಿಳಿಯಿರಿ. ಮಿ.ಗ್ರಾಂ., ಮಿ.ಲೀ. ಎರಡನ್ನೂ ಬರೆಸಿಕೊಳ್ಳಿ, ಯಾವ ಬಾಟಲಿಗೆ ಎನ್ನುವುದನ್ನೂ ಬರೆಸಿಕೊಳ್ಳಿ. ಅಳೆಯುವುದು ಬಾಟಲಿಯ ಜೊತೆ ಬಂದ ಸಿರಿಂಜು ಅಥವಾ ಮುಚ್ಚಳದಿಂದ, ಅಡುಗೆಮನೆಯ ಚಮಚದಿಂದಲ್ಲ. ಮೂರು ತಿಂಗಳೊಳಗಿನ ಮಗುವಿಗೆ ವೈದ್ಯರು ನೋಡದೆ ಜ್ವರದ ಔಷಧಿ ಕೊಡಬೇಡಿ. ಆಸ್ಪಿರಿನ್ ಅಂತೂ ಮಕ್ಕಳಿಗೆ ನೀವಾಗಿಯೇ ಕೊಡಲೇಬೇಡಿ. ರೈ ಸಿಂಡ್ರೋಮ್ ಎಂಬ ಅಪರೂಪದ ಆದರೆ ಪ್ರಾಣಾಂತಕ ತೊಂದರೆಗೂ ಅದಕ್ಕೂ ನಂಟಿದೆ.

ಮನೆಯ ಹಿರಿಯರು

ಹಿರಿಯರ ಸಲಹೆಯನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ತಪ್ಪು, ಕಣ್ಣುಮುಚ್ಚಿ ಒಪ್ಪುವುದೂ ತಪ್ಪು. ಅಳುವ ಮಗುವನ್ನು ಸಮಾಧಾನ ಮಾಡುವುದು, ಹಸಿವಿನ ಅಳು ಯಾವುದು ನಿದ್ದೆಯ ಅಳು ಯಾವುದು ಎಂದು ಗುರುತಿಸುವುದು, ಬಾಣಂತಿಗೆ ನಿದ್ದೆ ಮಾಡಲು ಬಿಡುವು ಮಾಡಿಕೊಡುವುದು, ‘ಇದು ಎಲ್ಲ ಮಕ್ಕಳಿಗೂ ಆಗುತ್ತದೆ, ಹೆದರಬೇಡ’ ಎಂದು ಹೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಅವರು ಮಗುವಿನ ಜೊತೆಯಲ್ಲೇ ಇರುತ್ತಾರೆ, ಪುಸ್ತಕ ಇರುವುದಿಲ್ಲ.

ಆದರೆ ಅವರು ಕಲಿತದ್ದು ಆ ಕಾಲದ ತಿಳಿವಳಿಕೆಯನ್ನು, ಎಷ್ಟೋ ಸಲ ಆ ಕಾಲದ ವೈದ್ಯರಿಂದಲೇ. ಇದನ್ನು ಒಪ್ಪಿಕೊಂಡರೆ ಮನೆಯ ಅರ್ಧ ಜಗಳ ಕಡಿಮೆಯಾಗುತ್ತದೆ. ಮಗುವನ್ನು ಬೋರಲಾಗಿ ಮಲಗಿಸಬೇಕೆಂದು ಒಂದು ಕಾಲಕ್ಕೆ ಅನೇಕ ದೇಶಗಳ ಪರಿಣತರೇ ಹೇಳುತ್ತಿದ್ದರು. ನಿದ್ದೆಯಲ್ಲಿ ಶಿಶುಗಳು ಹಠಾತ್ತಾಗಿ ಸಾಯುವುದಕ್ಕೂ ಬೋರಲು ಮಲಗಿಸುವುದಕ್ಕೂ ನಂಟಿದೆಯೆಂದು ತಿಳಿದ ಮೇಲೆ ಅಲ್ಲಿನ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 1992ರಲ್ಲಿ ಬೋರಲು ಮಲಗಿಸಬೇಡಿ ಎಂದಿತು. 1994ರಲ್ಲಿ ಅಲ್ಲಿ ದೊಡ್ಡ ಪ್ರಚಾರವೂ ಶುರುವಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಅಂಥ ಸಾವುಗಳು ಅಲ್ಲಿ ಸುಮಾರು ಅರ್ಧಕ್ಕೆ ಇಳಿದವು. ಈಗಿನ ಸಲಹೆ ಸ್ಪಷ್ಟ: ಮೊದಲ ವರ್ಷ ಪ್ರತಿ ನಿದ್ದೆಗೂ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆ, ದಿಂಬು ಮತ್ತು ಮೆತ್ತನೆ ಹೊದಿಕೆ ಬೇಡ.

ಇನ್ನೂ ಎರಡು ವಿಷಯಗಳಲ್ಲಿ ಹಳೆಯ ಸಲಹೆಗೆ ಮಣಿಯಬಾರದು. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬಾರದು, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಗರುಳಿನಲ್ಲಿ ಮೊಳೆತು ಸ್ನಾಯುಗಳ ಬಲ ಕುಂದಿಸುವ ಬಾಟುಲಿಸಂ ಕಾಯಿಲೆ ತರಬಲ್ಲವು. ಕಾಯಿಸಿದರೂ ಆ ಬೀಜಾಣು ಸಾಯುವುದಿಲ್ಲ. ಆರು ತಿಂಗಳವರೆಗೆ ನೀರೂ ಬೇಡ, ಎದೆಹಾಲೊಂದೇ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೀರು ಕುಡಿಸಿದಷ್ಟೂ ಹಾಲು ಕಡಿಮೆಯಾಗುತ್ತದೆ, ಹೆಚ್ಚಾದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಇವನ್ನು ಅತ್ತೆಯವರಿಗೆ ನೀವು ಹೇಳುವುದಕ್ಕಿಂತ, ಮುಂದಿನ ಭೇಟಿಗೆ ಅವರನ್ನೂ ಕರೆದೊಯ್ದು ಡಾಕ್ಟರ ಬಾಯಿಂದಲೇ ಕೇಳಿಸಿದರೆ ಮಾತು ಬೇಗ ಮುಗಿಯುತ್ತದೆ, ಮನಸ್ಸೂ ಕೆಡುವುದಿಲ್ಲ.

ಬೇರೆ ಪೋಷಕರು, ಗ್ರೂಪುಗಳು

ಅದೇ ವಯಸ್ಸಿನ ಮಗುವಿರುವ ಇನ್ನೊಬ್ಬರು ನಿದ್ದೆಗೆಟ್ಟ ರಾತ್ರಿಗೆ ಕೊಡುವ ಧೈರ್ಯವನ್ನು ಬೇರೆ ಯಾರೂ ಕೊಡಲಾರರು. ಯಾವ ಶಾಲೆಯಲ್ಲಿ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾರೆ, ಪ್ರಯಾಣಕ್ಕೆ ಏನೇನು ಒಯ್ಯಬೇಕು, ಅವಳಿ ಮಕ್ಕಳಿಗೆ ಹೊತ್ತು ಹೊತ್ತಿನ ಕೆಲಸ ಹೇಗೆ ಹಂಚಿಕೊಳ್ಳುವುದು ಎಂಬಂಥ ದಿನನಿತ್ಯದ ಪ್ರಶ್ನೆಗಳಿಗೆ ಗ್ರೂಪೇ ಸರಿ. ಮಗುವಿಗೆ ಅಪರೂಪದ ಕಾಯಿಲೆಯಿದ್ದಾಗಲಂತೂ ಅದನ್ನು ಹಾದುಬಂದ ಕುಟುಂಬಗಳಿಗೆ ತಿಳಿದಿರುವ ವಿವರ ಅನೇಕ ವೈದ್ಯರಿಗೂ ಗೊತ್ತಿರುವುದಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಗ್ರೂಪು ದಾರಿ ತಪ್ಪಿಸುತ್ತದೆ, ಅದಕ್ಕೊಂದು ಕಾರಣವಿದೆ. ಶಿಶುಗಳ ಅಳು ಹುಟ್ಟಿದ ಎರಡನೇ ವಾರದಿಂದ ಏರುತ್ತಾ ಹೋಗಿ ಸುಮಾರು ಆರನೇ ವಾರದಲ್ಲಿ ತುದಿ ಮುಟ್ಟುತ್ತದೆ, ಮೂರು ನಾಲ್ಕು ತಿಂಗಳ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಪೋಷಕರು ಸಹಾಯ ಕೇಳುವುದು ಅಳು ತುದಿಯಲ್ಲಿದ್ದಾಗ. ಆಗ ಒಂದು ಹನಿ ಔಷಧಿ ಶುರುಮಾಡುತ್ತಾರೆ, ಕೆಲಸವಾಗದು. ಇನ್ನೊಂದು, ಅದೂ ಆಗದು. ಮೂರನೆಯದನ್ನು ಕೊಡುವ ಹೊತ್ತಿಗೆ ಅಳು ತಾನಾಗಿ ಇಳಿಯುತ್ತಿರುತ್ತದೆ, ಆ ಮೂರನೆಯದಕ್ಕೆ ಕೀರ್ತಿ. ಬೇರೆ ಬೇರೆ ಮನೆಯಲ್ಲಿ ಬೇರೆ ಬೇರೆ ವಸ್ತು ಮೂರನೆಯದಾಗಿರುತ್ತದೆ, ಆದ್ದರಿಂದಲೇ ಒಂದು ಪ್ರಶ್ನೆಗೆ ಇಪ್ಪತ್ತು ಖಚಿತ ಉತ್ತರಗಳು. ನೆಗಡಿಯ ನಂತರದ ಕೆಮ್ಮಿನದೂ ಇದೇ ಕತೆ, ಅದು ಎರಡು ಮೂರು ವಾರ ಎಳೆಯುವುದು ಸಾಮಾನ್ಯ.

ಗ್ರೂಪಿನ ಉತ್ತರ ಓದುವಾಗ ಆ ಮಗುವಿನ ವಯಸ್ಸು ಕೇಳಿ, ಆಗ ಬೇರೆ ಏನೇನು ಕೊಡುತ್ತಿದ್ದರು ಎಂದು ಕೇಳಿ. ‘ನಮ್ಮ ಮಗುವಿಗೆ ಏನೂ ಆಗಲಿಲ್ಲ’ ಎನ್ನುವುದು ಸುರಕ್ಷತೆಗೆ ಪುರಾವೆಯಲ್ಲ. ಕೆಟ್ಟದ್ದಾದ ಮನೆಯವರು ಅಲ್ಲಿ ಬಂದು ಉತ್ತರ ಬರೆಯುತ್ತಾ ಕೂರುವುದಿಲ್ಲ. ಮಗುವಿನ ಮುಖ, ಪೂರ್ತಿ ಹೆಸರು, ಹುಟ್ಟಿದ ದಿನ, ಬಟ್ಟೆಯಿಲ್ಲದ ಮೈಮೇಲಿನ ಗುಳ್ಳೆಯ ಫೋಟೊ ಇವನ್ನು ಅಲ್ಲಿ ಹಾಕಬೇಡಿ. ಫಾರ್ವರ್ಡ್ ಆದ ಚಿತ್ರವನ್ನು ಹಿಂದಕ್ಕೆ ತರಿಸಲಾಗದು.

ಪುಸ್ತಕ

ಪುಸ್ತಕದ ಬಲ ಅದರ ಕ್ರಮ. ಏನು ಕೇಳಬೇಕೆಂದೇ ಗೊತ್ತಿಲ್ಲದ ಹೊಸ ತಂದೆತಾಯಿಗೆ ಹೆರಿಗೆಗೆ ಮುಂಚೆ ಓದಿದ ಒಂದು ಒಳ್ಳೆಯ ಪುಸ್ತಕ ಹತ್ತು ತಾಸಿನ ವೀಡಿಯೊಗಿಂತ ಹೆಚ್ಚು ಕೊಡುತ್ತದೆ. ಕೊಳ್ಳುವ ಮೊದಲು ಎರಡನೇ ಪುಟದಲ್ಲಿ ಮುದ್ರಣದ ವರ್ಷ ನೋಡಿ. ಮರುಮುದ್ರಣದ ವರ್ಷವನ್ನಲ್ಲ, ಪರಿಷ್ಕೃತ ಆವೃತ್ತಿಯ ವರ್ಷವನ್ನು. ವರ್ಷ ಏಕೆ ಮುಖ್ಯವೆಂದರೆ, ಕಡಲೆಕಾಯಿ ಅಲರ್ಜಿಯ ಭಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಅದನ್ನು ಕೊಡಬೇಡಿ ಎಂದು ಅದೇ ಅಮೆರಿಕನ್ ಅಕಾಡೆಮಿ 2000ದಲ್ಲಿ ಹೇಳಿತ್ತು. 2008ರಲ್ಲಿ ಆ ಮಾತನ್ನು ಕೈಬಿಟ್ಟಿತು. 2015ರಲ್ಲಿ ಬಂದ ದೊಡ್ಡ ಅಧ್ಯಯನವೊಂದು, ಅಪಾಯ ಹೆಚ್ಚಿದ್ದ ಶಿಶುಗಳಿಗೆ ಮೊದಲ ವರ್ಷದೊಳಗೇ ಕೊಡಲು ಶುರುಮಾಡಿದಾಗ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆಯಾಗುವುದನ್ನು ತೋರಿಸಿತು. 2017ರ ಹೊತ್ತಿಗೆ ಅಲ್ಲಿನ ಮಾರ್ಗಸೂಚಿ ಪೂರ್ತಿ ತಿರುಗಿತ್ತು. 2004ರ ಪುಸ್ತಕ, 2018ರ ಪುಸ್ತಕ ಎರಡೂ ತಮ್ಮ ತಮ್ಮ ಕಾಲಕ್ಕೆ ಪ್ರಾಮಾಣಿಕವೇ, ಒಂದು ಇನ್ನೊಂದಕ್ಕೆ ತದ್ವಿರುದ್ಧ. (ಚರ್ಮ ಒಣಗಿ ತುರಿಸುವ ಎಕ್ಸಿಮಾ ತೀವ್ರವಾಗಿ ಅಥವಾ ಮೊಟ್ಟೆಯ ಅಲರ್ಜಿ ಇರುವ ಮಗುವಿಗೆ ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಇಡೀ ಕಾಳನ್ನು ಚಿಕ್ಕ ಮಕ್ಕಳಿಗೆ ಕೊಡಲೇಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.)

ನಿದ್ದೆ, ಶಿಸ್ತು, ಶೌಚದ ಅಭ್ಯಾಸದ ಪುಸ್ತಕಗಳು ಒಂದೊಂದು ವಿಧಾನವನ್ನು ಮಾರುತ್ತವೆ. ಎರಡು ಒಳ್ಳೆಯ ಪುಸ್ತಕಗಳು ಅಷ್ಟೇ ಗಟ್ಟಿ ದನಿಯಲ್ಲಿ ಎದುರುಬದುರು ಹೇಳುತ್ತಿದ್ದರೆ, ಆ ವಿಷಯದಲ್ಲಿ ಬಲವಾದ ಪುರಾವೆ ಇನ್ನೂ ಇಲ್ಲವೆಂದೇ ಬಹುಮಟ್ಟಿಗೆ ತಿಳಿಯಬಹುದು. ಆಗ ನಿಮ್ಮ ಮನೆಗೆ ಯಾವುದು ಹೊಂದುತ್ತದೋ ಅದನ್ನು ಆರಿಸಿಕೊಳ್ಳುವ ಹಕ್ಕು ನಿಮ್ಮದು. ಅಪರಾಧಿ ಭಾವ ಬೇಡ.

ಗೂಗಲ್, ಜಾಲತಾಣ, ಆ್ಯಪ್

ಹುಡುಕುವ ಮಾತು ಹೇಗಿದೆಯೋ ಸಿಗುವ ಉತ್ತರವೂ ಹಾಗೇ. ‘ಒಂದು ವರ್ಷವಾದರೂ ಮಗು ನಡೆಯುತ್ತಿಲ್ಲ ಯಾವ ಕಾಯಿಲೆ’ ಎಂದು ಬರೆದರೆ ಕಾಯಿಲೆಗಳ ಪಟ್ಟಿಯೇ ಬರುತ್ತದೆ. ‘ಮಕ್ಕಳು ನಡೆಯಲು ಶುರುಮಾಡುವ ವಯಸ್ಸು ಎಷ್ಟರಿಂದ ಎಷ್ಟು’ ಎಂದು ಬರೆದರೆ, ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆದದ್ದು ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳ ನಡುವೆ ಎಂಬುದು ಸಿಗುತ್ತದೆ. ಸರಾಸರಿಯನ್ನಲ್ಲ, ವ್ಯಾಪ್ತಿಯನ್ನು ಹುಡುಕಿ.

ಪುಟ ತೆರೆದ ಮೇಲೆ ಯಾರು ಬರೆದದ್ದು, ಕೊನೆಗೆ ಯಾವಾಗ ತಿದ್ದಿದ್ದು ನೋಡಿ. ಅದೇ ಪುಟದಲ್ಲಿ ಪುಡಿಯೋ ಕೋರ್ಸೋ ಮಾರಾಟಕ್ಕಿದ್ದರೆ ಅದು ಜಾಹೀರಾತು ಎಂದುಕೊಂಡು ಓದಿ. ವೈದ್ಯರನ್ನು ಯಾವಾಗ ಕಾಣಬೇಕೆಂದು ಹೇಳದ ಆರೋಗ್ಯ ಲೇಖನವನ್ನು ಮುಚ್ಚಿಬಿಡಿ. ಯಂತ್ರಾನುವಾದದ ಪುಟಗಳಲ್ಲಿ ಅಂಕಿ, ಅಳತೆ, ‘ಬೇಡ’ ಎಂಬ ಮಾತು ಕಳೆದುಹೋಗುವುದುಂಟು, ಇನ್ನೊಂದು ಕಡೆ ತಾಳೆ ನೋಡದೆ ನಡೆಯಬೇಡಿ. ‘ವಿಜ್ಞಾನ ಹೇಳುತ್ತದೆ’ ಎಂದು ಒಂದೇ ಅಧ್ಯಯನವನ್ನು ಹಿಡಿದು ಹೆದರಿಸುವ ಬರಹದ ಬಗ್ಗೆಯೂ ಎಚ್ಚರ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಪ್ರಬಂಧ ಹನ್ನೆರಡೇ ಮಕ್ಕಳನ್ನು ಆಧರಿಸಿತ್ತು. ಅದನ್ನು ಪ್ರಕಟಿಸಿದ ದಿ ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು, ಲಕ್ಷಗಟ್ಟಲೆ ಮಕ್ಕಳ ಮೇಲಿನ ಅಧ್ಯಯನಗಳಲ್ಲಿ ಅಂಥ ನಂಟು ಕಾಣಲಿಲ್ಲ. ಆ ಮಾತು ಮಾತ್ರ ಇಂದಿಗೂ ಫಾರ್ವರ್ಡ್ ಆಗುತ್ತಲೇ ಇದೆ.

ಬೆಳವಣಿಗೆಯ ಆ್ಯಪ್ ಬಳಸುವವರು ಅದು ಯಾವ ಚಾರ್ಟು ಹಾಕುತ್ತಿದೆ ನೋಡಿ. ಐದು ವರ್ಷದೊಳಗಿನವರಿಗೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರಡಿಸಿದ ಮಾನದಂಡ ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು. 10ನೇ ಪರ್ಸೆಂಟೈಲ್ ಎಂದರೆ ನಾಪಾಸಾದ ಅಂಕವಲ್ಲ, ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಹತ್ತು ಮಂದಿ ಇದಕ್ಕಿಂತ ಕಡಿಮೆ ತೂಕದವರು ಎಂದಷ್ಟೇ. ತನ್ನದೇ ಗೆರೆಯಲ್ಲಿ ಸಾಗುತ್ತಿರುವ ಮಗು ಚೆನ್ನಾಗಿಯೇ ಇರುತ್ತದೆ. ಕೆಲವೇ ತಿಂಗಳಲ್ಲಿ ಎರಡು ಗೆರೆ ದಾಟಿ ಕೆಳಗಿಳಿದರೆ ಡಾಕ್ಟರಿಗೆ ತೋರಿಸಿ. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ಮುಂಚೆ ಹುಟ್ಟಿದಷ್ಟು ದಿನ ಕಳೆದು ಲೆಕ್ಕ ಹಾಕಬೇಕು. ಎರಡು ತಿಂಗಳು ಮುಂಚೆ ಹುಟ್ಟಿದ ಎಂಟು ತಿಂಗಳ ಮಗುವಿನಿಂದ ಆರು ತಿಂಗಳ ಮಗುವಿನ ಆಟವನ್ನೇ ನಿರೀಕ್ಷಿಸಬೇಕು. ಈ ಒಂದು ಸೆಟ್ಟಿಂಗ್ ಹಾಕದೆ ಎಷ್ಟೋ ತಾಯಂದಿರು ಸುಮ್ಮನೆ ಅಳುತ್ತಾರೆ.

ಮಾತಿನ ವಿಷಯದಲ್ಲಿ ‘ಗಂಡುಮಕ್ಕಳು ತಡ, ಕಾಯಿರಿ’ ಎನ್ನುವವರು ಎಲ್ಲ ಕಡೆ ಸಿಗುತ್ತಾರೆ. ಕಾಯಬೇಡಿ. ಒಂದು ವರ್ಷಕ್ಕೆ ಬೆರಳು ತೋರುವುದು, ಟಾಟಾ ಮಾಡುವುದು ಯಾವುದೂ ಇಲ್ಲ, 16 ತಿಂಗಳಿಗೆ ಒಂದು ಪದವೂ ಇಲ್ಲ, ಎರಡು ವರ್ಷಕ್ಕೆ ಎರಡು ಪದ ಕೂಡಿಸುತ್ತಿಲ್ಲ, ಅಥವಾ ಬರುತ್ತಿದ್ದ ಮಾತು ಯಾವುದೇ ವಯಸ್ಸಿನಲ್ಲಿ ನಿಂತುಹೋಯಿತು ಎಂದಾದರೆ ತಪಾಸಣೆ ಬೇಕು, ಮೊದಲು ಶ್ರವಣ ಪರೀಕ್ಷೆ.

ಸಣ್ಣ ವೀಡಿಯೊ ಮತ್ತು ಚಾಟ್‌ಬಾಟ್

ಮಗುವನ್ನು ಸ್ನಾನಕ್ಕೆ ಹೇಗೆ ಹಿಡಿಯುವುದು, ಕಾರ್ ಸೀಟಿನ ಪಟ್ಟಿ ಹೇಗೆ ಬಿಗಿಯುವುದು ಎಂಬ ಕೈಕೆಲಸಕ್ಕೆ ವೀಡಿಯೊ ಚೆನ್ನ. ಉಳಿದದ್ದಕ್ಕೆ ಮೂವತ್ತು ಸೆಕೆಂಡು ಸಾಲದು. ವಯಸ್ಸು ಹೇಳುವುದಿಲ್ಲ, ಯಾರಿಗೆ ಮಾಡಬಾರದು ಹೇಳುವುದಿಲ್ಲ. ಒಂದು ಹೆದರಿಕೆಯ ವೀಡಿಯೊ ನೋಡಿದರೆ ಆ್ಯಪ್ ಅಂಥವೇ ಇನ್ನೂ ಹತ್ತು ತಂದಿಡುತ್ತದೆ.

ಚಾಟ್‌ಬಾಟ್ ಕೆಲವಕ್ಕೆ ನಿಜಕ್ಕೂ ಉಪಯುಕ್ತ. ವರದಿಯಲ್ಲಿನ ಕಷ್ಟದ ಪದ ಬಿಡಿಸಿ ಹೇಳಿಸಬಹುದು, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಮಾಡಿಸಬಹುದು, ಹಠ ಮಾಡುವ ಮೂರು ವರ್ಷದ ಮಗುವಿಗೆ ಹೇಳಬಹುದಾದ ನಾಲ್ಕು ಬಗೆಯ ಮಾತು ಕೇಳಬಹುದು. ಆದರೆ ಅದು ಸರಿಯಾದದ್ದನ್ನೂ ತಪ್ಪಾದದ್ದನ್ನೂ ಒಂದೇ ನಯವಾದ ಧಾಟಿಯಲ್ಲಿ ಹೇಳುತ್ತದೆ, ಓದಿದರೆ ವ್ಯತ್ಯಾಸ ತಿಳಿಯುವುದಿಲ್ಲ. ‘ಇದು ಹಲ್ಲು ಬರುವ ಜ್ವರ ಅಲ್ಲವೇ?’ ಎಂದು ಕೇಳಿದರೆ ನಿಮ್ಮ ಊಹೆಗೆ ತಲೆಯಾಡಿಸುವ ಸಂಭವ ಹೆಚ್ಚು. (ಹಲ್ಲು ಬರುವಾಗ ಮೈ ತುಸು ಬೆಚ್ಚಗಾಗಬಹುದು, 38 ದಾಟಿದ ಜ್ವರಕ್ಕೆ ಬೇರೆ ಕಾರಣ ಹುಡುಕಬೇಕು.) ವಯಸ್ಸು, ತೂಕ, ಎಷ್ಟು ದಿನದಿಂದ, ಏನು ಕೊಟ್ಟಿದ್ದೀರಿ ಎಲ್ಲ ಹೇಳಿ, ಊಹೆ ಬೆರೆಸದೆ ಕೇಳಿ. ‘ಯಾವ ಲಕ್ಷಣ ಕಂಡರೆ ಇದು ಸಾಮಾನ್ಯವಲ್ಲ?’ ಎಂದು ಜೊತೆಗೆ ಕೇಳಿ. ಡೋಸಿನ ಅಂಕಿಯನ್ನು ಮಾತ್ರ ಅದರಿಂದ ತೆಗೆದುಕೊಳ್ಳಬೇಡಿ.

ಶಾಲೆಗೆ ಹೋಗುವ ವಯಸ್ಸಿನಲ್ಲಿ

ಇಲ್ಲಿ ಅತಿ ಕಡಿಮೆ ಬಳಕೆಯಾಗುವ ಮೂಲ ಶಿಕ್ಷಕರು. ಒಂದೇ ವಯಸ್ಸಿನ ಹತ್ತಾರು ಮಕ್ಕಳ ನಡುವೆ ನಿಮ್ಮ ಮಗುವನ್ನು ದಿನವೂ ನೋಡುವವರು ಅವರೊಬ್ಬರೇ. ‘ಹೇಗೆ ಓದುತ್ತಾನೆ?’ ಎಂದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ. ‘ಬಿಡುವಿನಲ್ಲಿ ಯಾರ ಜೊತೆ ಆಡುತ್ತಾನೆ? ಬೋರ್ಡಿನಿಂದ ಬರೆದುಕೊಳ್ಳಲು ಎಲ್ಲರಿಗಿಂತ ಹೆಚ್ಚು ಹೊತ್ತು ಬೇಕೇ? ಯಾವ ಪಾಠದ ಹೊತ್ತಿಗೆ ಎದ್ದು ಓಡಾಡುತ್ತಾನೆ?’ ಎಂದು ಕೇಳಿ. ಗಮನ ಕೊರತೆಯ ಎಡಿಎಚ್‌ಡಿ ಎಂದು ಗುರುತಿಸಲು ಲಕ್ಷಣಗಳು ಎರಡಾದರೂ ಕಡೆ, ಮನೆಯಲ್ಲೂ ಶಾಲೆಯಲ್ಲೂ ಎನ್ನುವ ಹಾಗೆ, ಕಾಣಬೇಕೆಂಬ ನಿಯಮವಿದೆ. ಆದ್ದರಿಂದ ಶಿಕ್ಷಕರ ವಿವರವಿಲ್ಲದೆ ಆ ತಪಾಸಣೆಯೇ ಅರ್ಧ. ಆದರೆ ಹೆಸರಿಟ್ಟು ಹೇಳುವುದು ಶಿಕ್ಷಕರ ಕೆಲಸವಲ್ಲ. ಅವರು ಕಂಡದ್ದನ್ನು ಬರೆಸಿಕೊಂಡು ತಜ್ಞರಿಗೆ ಕೊಡಿ.

ಹದಿಹರೆಯದಲ್ಲಿ ಮೊದಲ ಮೂಲ ಮಗುವೇ. ಅವರ ಬೆನ್ನ ಹಿಂದೆ ಹತ್ತು ಕಡೆ ವಿಚಾರಿಸುವ ಮೊದಲು ಅವರನ್ನೇ ಕೇಳಿ, ಡಾಕ್ಟರ ಜೊತೆ ಒಬ್ಬರೇ ಮಾತಾಡಲು ಹತ್ತು ನಿಮಿಷ ಬಿಟ್ಟುಕೊಡಿ. ಬದುಕಬೇಕೆನಿಸುತ್ತಿಲ್ಲ ಎಂಬ ಮಾತು ಬಂದರೆ ಮಾತ್ರ ಕಾಯದೆ ಅದೇ ದಿನ ವೈದ್ಯಕೀಯ ನೆರವು ಪಡೆಯಿರಿ.

ಎರಡು ಸಲಹೆ ಡಿಕ್ಕಿ ಹೊಡೆದಾಗ

ಮೊದಲು ಇಬ್ಬರೂ ಒಂದೇ ವಯಸ್ಸಿನ, ಒಂದೇ ಸ್ಥಿತಿಯ ಮಗುವಿನ ಬಗ್ಗೆ ಹೇಳುತ್ತಿದ್ದಾರೆಯೇ ನೋಡಿ. ಬಹುತೇಕ ಭಿನ್ನಾಭಿಪ್ರಾಯ ಇಲ್ಲೇ ಕರಗುತ್ತದೆ. ಆಮೇಲೆ ಯಾವುದು ಹೊಸದು, ಹೇಳಿದವರಿಗೆ ಅದರಿಂದ ಹಣ ಬರುತ್ತದೆಯೇ ನೋಡಿ. ಆಗಲೂ ತಿಳಿಯದಿದ್ದರೆ ಎರಡೂ ತಪ್ಪಾದಾಗ ಆಗುವ ಹಾನಿಯನ್ನು ಹೋಲಿಸಿ, ಕಡಿಮೆ ಹಾನಿಯದನ್ನು ಹಿಡಿಯಿರಿ. ಅಭ್ಯಾಸದ ವಿಷಯವಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದು ವಾರ ಬಿಡಿ. ಮಲಗುವ ಹೊತ್ತು, ಕೋಣೆ, ಹಾಡು ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ಗೊತ್ತಾಗುವುದಿಲ್ಲ.

ಆರಿಸಿದ್ದನ್ನು ಮಗುವನ್ನು ನೋಡಿಕೊಳ್ಳುವ ಎಲ್ಲರಿಗೂ ಬರೆದು ಕೊಡಿ. ಮಗುವಿನ ಈಗಿನ ತೂಕ, ಜ್ವರದ ಔಷಧಿಯ ಹೆಸರು, ಎಷ್ಟು ಮಿ.ಲೀ., ಎಷ್ಟು ಗಂಟೆಗೊಮ್ಮೆ, ಅಲರ್ಜಿ, ಡಾಕ್ಟರ ನಂಬರು, ಯಾವ ಲಕ್ಷಣಕ್ಕೆ ನೇರ ಆಸ್ಪತ್ರೆ ಎಂಬುದು ಒಂದು ಹಾಳೆಯಲ್ಲಿರಲಿ. ಮೊದಲ ವರ್ಷ ಪ್ರತಿ ತಿಂಗಳು, ಆಮೇಲೆ ಮೂರು ತಿಂಗಳಿಗೊಮ್ಮೆ ತೂಕ ನೋಡಿ, ಡೋಸನ್ನು ಡಾಕ್ಟರಿಂದ ಖಚಿತ ಮಾಡಿಕೊಂಡು ಹಾಳೆ ತಿದ್ದಿ, ತಿದ್ದಿದ ದಿನಾಂಕ ಹಾಕಿ. ಔಷಧಿ ಕೊಟ್ಟವರು ಕೊಟ್ಟ ಹೊತ್ತನ್ನು ಅದರ ಕೆಳಗೇ ಬರೆಯಲಿ, ಆಗ ಸಂಜೆ ಕೆಲಸದಿಂದ ಬಂದವರು ಎರಡನೇ ಸಲ ಕೊಡುವ ಪ್ರಮಾದ ಆಗುವುದಿಲ್ಲ.